ಗಂಡನ ಹೆಸರು ಕೇಳುವ ಫೋನು

ಫೋನು ನಮ್ಮ ವಾಚನಾಲಯಕ್ಕೆ ಬಂದದ್ದು ಅಲ್ಲಿ ಬಾಗಿಲು ತೆರೆದಿರುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ರಾಯಬಾಗ ತಾಲೂಕಿನಲ್ಲಿ ಹೊಳೆಯ ದಂಡೆಯ ಊರು. ಅಂಚೆಯವರು ಮಧ್ಯಾಹ್ನಕ್ಕೇ ಕೀಲಿ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಪಂಚಾಯಿತಿ ಯಾವಾಗ ತೆರೆಯುತ್ತದೆಂದು ಪಂಚಾಯಿತಿಯವರಿಗೇ ಗೊತ್ತಿರಲಿಲ್ಲ. ಹಾಗಾಗಿ ಸಾರ್ವಜನಿಕರ ಫೋನನ್ನು ತಂದು ಪುಸ್ತಕದ ಕಪಾಟಿನ ಪಕ್ಕ ಒಂದು ಸ್ಟೂಲಿನ ಮೇಲೆ ಇಟ್ಟರು. ನಾನು ಅಲ್ಲಿ ಕಸ ಹೊಡೆದು, ಪೇಪರು ಜೋಡಿಸಿ, ಕೊಡ ತುಂಬಿಡುವ ಹೆಂಗಸು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಪೇಪರಿನ ದಪ್ಪ ಅಕ್ಷರವನ್ನು ಬೆರಳಿಟ್ಟು ಓದುತ್ತೇನೆ, ಸಣ್ಣ ಅಕ್ಷರದ ತಂಟೆಗೆ ಹೋಗುವುದಿಲ್ಲ.

ಫೋನು ಇಟ್ಟವರೇ ಜನರಿಗೆ ಅದನ್ನು ಬಳಸುವುದನ್ನು ಕಲಿಸಬೇಕೆಂದು ಮೇಲಿನಿಂದ ಹುಕುಂ ಬಂತು. ನಮ್ಮ ಗ್ರಂಥಪಾಲಕರನ್ನು ಊರವರು ಮಾಸ್ತರ ಎನ್ನುತ್ತಿದ್ದರು. ಅವರು ಬೋರ್ಡು ತರಿಸಿ ಫೋನಿನ ಚಿತ್ರ ಬರೆದರು. ಕಿವಿಯ ಕಡೆಯದು ಇದು, ಬಾಯಿಯ ಕಡೆಯದು ಇದು, ಒಳಗೆ ಇಂಥ ತಂತಿ, ತಂತಿಯೊಳಗೆ ಕರೆಂಟು. ಗಂಡಸರು ತಲೆಯ ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡು ಪುರಾಣ ಕೇಳಿದ ಹಾಗೆ ಕೇಳಿದರು. ಮರುದಿನ ಬಂದು, "ಮಾಸ್ತರ, ನೀವ ಹಚ್ಚಿ ಕೊಡ್ರಿ" ಎಂದರು. ಹಚ್ಚಿ ಕೊಡುವಾಗ ಮಾಸ್ತರರು ಅವರ ಕೈಯಿಂದ ಫೋನು ಕಸಿದುಕೊಳ್ಳುತ್ತಿದ್ದರು. ಕಸಿದುಕೊಂಡರೆ ಯಾರು ಕಲಿಯುತ್ತಾರೆ? ರೊಟ್ಟಿ ಬಡಿಯುವ ಹುಡುಗಿಯ ಕೈಯಿಂದ ಹಿಟ್ಟು ಕಸಿದುಕೊಂಡರೆ ಆಕೆ ಜನ್ಮದಲ್ಲಿ ರೊಟ್ಟಿ ಬಡಿಯುವುದಿಲ್ಲ.

ಹೆಂಗಸರು ಮಾಸ್ತರರ ಎದುರು ಬರುತ್ತಲೇ ಇರಲಿಲ್ಲ. ಅವರು ಊಟಕ್ಕೆ ಮನೆಗೆ ಹೋದ ಮೇಲೆ ಬಾಗಿಲಿಂದ ಇಣುಕಿ, "ಮಾಸ್ತರ ಹೋದ್ರೇನ?" ಎಂದು ಕೇಳಿ ಒಳಗೆ ಬರುವರು. ಹಾಗೆ ಆ ಮಧ್ಯಾಹ್ನದ ಕೆಲಸ ನನ್ನ ಪಾಲಿಗೆ ಬಂತು. ಯಾರೂ ಹೇಳಿ ಕೊಟ್ಟದ್ದಲ್ಲ.

ಆ ಫೋನಿಗೆ ತಿರುಗಿಸುವ ಚಕ್ರ ಇರಲಿಲ್ಲ. ಎತ್ತಿದರೆ ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರ್ ಹೆಂಗಸು ಮಾತಾಡುವರು, ನಾವು ಅವರಿಗೆ ಬಾಯಾರು ಎನ್ನುತ್ತಿದ್ದೆವು. ಅವರಿಗೆ ಊರು, ನಂಬರು ಹೇಳಿ, ಟ್ರಂಕ್ ಕಾಲ್ ಬುಕ್ ಮಾಡಿ, ಕೆಳಗಿಟ್ಟು ಕಾಯಬೇಕು. ಲೈನು ಸಿಕ್ಕಾಗ ಅವರೇ ಗಂಟೆ ಬಾರಿಸುವರು. ಆಮೇಲೆ ಮೂರು ನಿಮಿಷ ಮಾತು. ಇಷ್ಟೇ. ಆದರೆ ಈ ಇಷ್ಟರಲ್ಲಿ ಎಲ್ಲಿ ಎಡವುತ್ತಾರೆ ಎನ್ನುವುದು ಬೋರ್ಡಿನ ಮೇಲೆ ಕಾಣಿಸುವುದಿಲ್ಲ, ಪಕ್ಕದಲ್ಲಿ ಕುಳಿತರೆ ಕಾಣಿಸುತ್ತದೆ. ಬುಕ್ ಮಾಡಿದ ಮೇಲೆ ಕೆಳಗಿಡಲು ಎಲ್ಲರಿಗೂ ಹೆದರಿಕೆ. ಇಟ್ಟರೆ ಹೇಳಿದ್ದೆಲ್ಲ ಹೋಗಿಬಿಡುತ್ತದೆಂದು ರಿಸೀವರನ್ನು ಉಡಿಯಲ್ಲಿ ಕೂಸಿನ ಹಾಗೆ ಮಲಗಿಸಿಕೊಂಡು ಕೂಡುವರು. ಹಾಗೆ ಕುಳಿತರೆ ಗಂಟೆ ಹೇಗೆ ಬಡಿದೀತು?

ಇನ್ನೊಂದು, ಗೋಣು ಹಾಕುವುದು. ನಮ್ಮ ಊರ ಬಳೆಗಾರ್ತಿ, ಮುಸಲ್ಮಾನರ ಮುದುಕಿ, ಮಿರಜಿನಲ್ಲಿದ್ದ ಮಗನ ಹತ್ತಿರ ಮಾತಾಡಲು ಬಂದಿದ್ದಳು. ಮಗ ಏನು ಕೇಳಿದರೂ ಗೋಣು ಹಾಕುತ್ತ ನಿಂತಿದ್ದಾಳೆ. ಆ ಕಡೆಯಿಂದ ಅವನು ಅಮ್ಮಾ, ಅಮ್ಮಾ ಎಂದು ಒದರುತ್ತಿದ್ದಾನೆ.

"ಆಯಿ, ಹೂಂ ಅನ್ರಿ. ಗೋಣ ಹಾಕಿದ್ರ ಮಿರಜಿನಾಗ ಕಾಣಸತೈತೇನು?"

"ಹುಟ್ಟಿದಾಗಿಂದ ನನ್ನ ಗೋಣ ನೋಡ್ಯಾನ, ಅವಗ ಗೊತ್ತಾಗತೈತಿ ಬಿಡ" ಎಂದಳು ಮುದುಕಿ.

ಆಮೇಲೆ ನಾನು ಒಂದು ದಾರಿ ಮಾಡಿಕೊಂಡೆ. ರಿಸೀವರ್ ಎತ್ತಿದಾಗ ಮೇಲಕ್ಕೆ ಬರುವ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಫೋನು ಸತ್ತ ಹಾಗೆ. ಲೈನಿಗೆ ಏನೂ ಹೋಗುವುದಿಲ್ಲ. ನಾನು ಕೊಂಡಿ ಒತ್ತಿ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ಎಕ್ಸ್‌ಚೇಂಜಿನವಳ ಹಾಗೆ ಕೇಳುತ್ತಿದ್ದೆ. ಮುಖ ನೋಡಿದರೆ ಅವರು ಮತ್ತೆ ಗೋಣು ಹಾಕುತ್ತಾರೆ, ಅದಕ್ಕೇ ತಿರುಗಬೇಕು. ತಪ್ಪಿದರೆ ನಗಬಾರದು. ದೊಡ್ಡವರು ಕಲಿಯಲು ಬಂದಾಗ ಅರ್ಧ ಜೀವ ಬಾಗಿಲ ಹೊರಗೇ ಬಿಟ್ಟು ಬಂದಿರುತ್ತಾರೆ. ಒಮ್ಮೆ ನಕ್ಕರೆ ಉಳಿದ ಅರ್ಧವೂ ಎದ್ದು ಹೋಗುತ್ತದೆ.

ಹೀಗಿರುವಾಗ ಆ ಹೆಂಗಸು ಬಂದಳು. ಕಬ್ಬು ಕಡಿಯುವ ಗ್ಯಾಂಗಿನವಳು, ಕೈ ತುಂಬ ಕಬ್ಬಿನ ಒಣಗರಿ, ಅಂದರೆ ರವದಿ, ಕೊಯ್ದ ಗೆರೆ. ಹಿಂದಿನ ಓಣಿಯವಳು, ಮುಖ ಗೊತ್ತಿತ್ತು, ಮಾತು ಹೆಚ್ಚಿರಲಿಲ್ಲ. ಬಂದವಳು ಬಾಗಿಲು ಅರ್ಧ ಮುಂದೆ ಮಾಡಿದಳು.

"ಅಕ್ಕಾ, ನನಗ ಫೋನ ಕಲಸ್ತಿಯೇನ?"

"ಎಲ್ಲಿಗೆ ಹಚ್ಚಬೇಕು?"

"ಮುಂಬೈಕ. ನಮ್ಮ ಮನಿಯವರ ಕಡೆ. ಮಾಸ್ತರಗ ಗೊತ್ತಾಗಬಾರದು. ಅವರೂ ನಮ್ಮ ಭಾವನೂ ಒಂದ ಕಟ್ಟಿ ಮ್ಯಾಲ ಕೂಡವರು."

ಗಂಡ ಮುಂಬೈ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ. ಇಲ್ಲಿ ಮನೆ ನಡೆಸುವವನು ಆ ಭಾವ, ಗಂಡನ ಅಣ್ಣ. ಅವನ ಮಗನಿಗೆ ಹೆಣ್ಣು ಸಿಕ್ಕಿರಲಿಲ್ಲ. ಹೊಳೆ ದಾಟಿ ಅಥಣಿ ಕಡೆಯ ಒಂದು ಮನೆಯವರು ಹೆಣ್ಣು ಕೊಡುತ್ತೇವೆ, ಆದರೆ ಬದಲಿಗೆ ನಮಗೂ ಒಂದು ಹೆಣ್ಣು ಕೊಡಿ ಎಂದರಂತೆ. ನಮ್ಮ ಕಡೆ ಇದಕ್ಕೆ ಸಾಟೆಲೋಟೆ ಎನ್ನುತ್ತಾರೆ, ಒಂದು ಕೊಟ್ಟು ಒಂದು ತರುವುದು. ಅವನಿಗೆ ಸ್ವಂತ ಹೆಣ್ಣುಮಗಳಿಲ್ಲ. ತಮ್ಮನ ಮಗಳನ್ನು ತೋರಿಸಿದ. ಹುಡುಗಿ ಎಂಟನೆಯ ಇಯತ್ತೆ. ವರ ಹೆಂಡತಿ ಸತ್ತವನು, ಕಿವಿಯ ಹತ್ತಿರ ನರೆ ಬಂದವನು. ಶಾಲೆ ಬಿಡಿಸಿ ಹುಡುಗಿಯನ್ನು ಒಳಗೆ ಕೂರಿಸಿದ್ದರು. ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

"ಕಾಗದ ಬರಸಬಾರದೇನ?" ಎಂದೆ.

"ಅಲ್ಲಿ ಅವರಿಗೆ ಓದಿ ಹೇಳಾಂವ ಭಾವನ ದೋಸ್ತ. ಫೋನಿನಾಗ ಆದ್ರ ನನ್ನ ಬಾಯಿ, ಅವರ ಕಿವಿ. ನಡುವ ಯಾರೂ ಇಲ್ಲ. ಅವರೊಬ್ಬರು ಬಂದು ಇಲ್ಲ ಅಂದ್ರ ಮುಗೀತಕ್ಕಾ. ಮಗಳಂದ್ರ ಜೀವ ಅವರಿಗೆ."

ಕಲಿಸಿದೆ. ಆಕೆ ಬೇಗ ಕಲಿತಳು. ಹಿಡಿಯುವುದು, ಹೂಂ ಎನ್ನುವುದು, ಕೆಳಗಿಡುವುದು, ಗಂಟೆ ಬಡಿದರೆ ಬೆಚ್ಚಿ ಬೀಳದೆ ಎತ್ತುವುದು. ಅಷ್ಟು ಚುರುಕಿನವಳನ್ನು ನಾನು ನೋಡಿರಲಿಲ್ಲ. ಗಂಡ ಇರುವ ಕೋಣೆಯ ಕೆಳಗೆ ಒಂದು ಕಿರಾಣಿ ಅಂಗಡಿ, ಅಲ್ಲಿ ಫೋನು. ಅದರ ನಂಬರನ್ನು ಆಕೆ ಹಾಡಿನ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಳು. ಮರುದಿನ ಮಧ್ಯಾಹ್ನ ನಾನು ಕೊಂಡಿಯಿಂದ ಬೆರಳು ತೆಗೆದೆ.

ಎಕ್ಸ್‌ಚೇಂಜಿನ ಬಾಯಾರು ಲೈನಿಗೆ ಬಂದರು. ಈಕೆ ಮುಂಬೈ ಎಂದಳು, ನಂಬರು ಹೇಳಿದಳು. ಎಲ್ಲ ಸರಿ. ಇಂಥವರನ್ನೇ ಕರೆದು ಕೊಡಿ ಎಂದು ಹೆಸರು ಹೇಳಿ ಮಾಡುವ ಕರೆಗೆ ಪಿ.ಪಿ. ಕಾಲ್ ಎನ್ನುತ್ತಿದ್ದರು.

"ಪಿ.ಪಿ. ಕಾಲ್ ಏನ್ರಿ? ಯಾರನ್ನ ಕರೀಬೇಕು?"

"ನಮ್ಮ ಮನಿಯವರನ್ರಿ."

"ಹೆಸರ ಹೇಳ್ರಿ."

ಈಕೆ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಹೆಸರ್ರೀ! ಹೆಸರಿಲ್ಲದ ಪಿ.ಪಿ. ಹ್ಯಾಂಗ ಬುಕ್ ಮಾಡ್ಲಿ?"

ಈಕೆಯ ತುಟಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಆ ಕಡೆಯಿಂದ ಟಕ್ ಎಂದಿತು. ಹೋಯಿತು.

ಗಂಡನ ಹೆಸರು ಹೇಳಬಾರದು. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮಗೆ ಹೇಳಿ ಬೆಳೆಸಿದ್ದಾರೆ. ನಂಬಿದೆವೋ ಬಿಟ್ಟೆವೋ, ಬಾಯಿಗಂತೂ ಅದು ಬರುವುದಿಲ್ಲ. ಆಕೆ ನನ್ನ ಕಡೆ ನೋಡಿದಳು.

"ಅಕ್ಕಾ, ನೀ ಹೇಳ."

"ನನ್ನ ಬಾಯಿಗೂ ಬರೂದುಲ್ಲಬೇ. ನಮ್ಮವರದೂ ಅದ ಹೆಸರ ಐತಲ್ಲ!"

ಅದು ನಿಜ. ಊರ ದೇವರ ಹೆಸರು ಅದು. ನಮ್ಮ ಓಣಿಯಲ್ಲಿ ಕಲ್ಲು ಒಗೆದರೆ ಆ ಹೆಸರಿನವನೊಬ್ಬನಿಗೆ ತಾಗುತ್ತದೆ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ನಗುತ್ತಲೇ ಆಕೆಯ ಕಣ್ಣಲ್ಲಿ ನೀರು ಬಂತು. ಬೇರೆಯವರ ಬಾಯಿಂದ ಹೇಳಿಸಬಹುದಿತ್ತು. ಆದರೆ ನಮ್ಮ ಊರಲ್ಲಿ ಒಂದು ಬಾಯಿಗೆ ಹೇಳಿದರೆ ಸಂಜೆಗೆ ಎಮ್ಮೆಗೂ ಗೊತ್ತಾಗುತ್ತದೆ.

ಮುಂದಿನ ಸಲ ಹೆಸರಿಲ್ಲದೆ ಬರೀ ನಂಬರಿಗೆ ಹಚ್ಚೋಣ ಎಂದೆ. ಲೈನು ಸಿಕ್ಕಿತು. ಅಂಗಡಿಯವನು ಮರಾಠಿಯಲ್ಲಿ, "ಕೋಣಾಲಾ ಬೋಲವೂ?" ಎಂದ, ಯಾರನ್ನು ಕರೆಯಲಿ ಎಂದು. ಈಕೆಗೆ ಮರಾಠಿ ನೀರು ಕುಡಿದ ಹಾಗೆ. ರಾಯಬಾಗದ ಕಡೆಯವರು, ಹಮಾಲಿ ಮಾಡುತ್ತಾರೆ, ಎತ್ತರ ಇದ್ದಾರೆ, ಹುಬ್ಬಿನ ಮೇಲೆ ಗಾಯದ ಕಲೆ ಇದೆ ಎಂದು ಹೇಳಿದಳು. ಅವನು ಮೇಲಿನ ಕೋಣೆಯಲ್ಲಿ ಎಲ್ಲರೂ ರಾಯಬಾಗದವರೇ, ಎಲ್ಲರೂ ಹಮಾಲರೇ, ಹೆಸರು ಹೇಳಿ ತಾಯಿ ಎಂದ. ಈಕೆ ಮತ್ತೆ ಕಲೆಯಿಂದ ಶುರು ಮಾಡಿದಳು. ಗಿರಾಕಿ ನಿಂತಿದ್ದಾರೆ ಎಂದು ಅವನು ಇಟ್ಟುಬಿಟ್ಟ.

ಆ ದಿನ ಆಕೆ ಕಪಾಟಿಗೆ ಒರಗಿ ನೆಲದ ಮೇಲೆ ಕುಳಿತಳು. "ಎಲ್ಲಾ ಕಲಸಿದಿ ಅಕ್ಕಾ. ಒಂದ ಹೆಸರಿಗೆ ನಿಂತತಿ ನೋಡ" ಎಂದಳು.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ. "ನಿನ್ನ ಲಗ್ನದಾಗ ಹೆಸರ ಹೇಳಿಲ್ಲೇನ? ಮಂದಿ ತುಂಬಿತ್ತಲ್ಲ, ಆಗ ಹ್ಯಾಂಗ ಬಂತ ಬಾಯಿಗೆ?" ಎಂದೆ.

"ಅದು ಒಡಪಿನಾಗ. ಹಿಂಗ ಪದಾ ಕಟ್ಟಿ, ಒಡಪ ಹಾಕಿ ಹೇಳಿದ್ರ ನಡೀತೈತಿ."

"ಮತ್ತ ಒಡಪ ಹಾಕ."

"ಫೋನಿನಾಗ?"

"ಫೋನಿಗೇನ ಕಿವಿ ಇಲ್ಲೇನು?"

ಆಕೆ ಬಾಯಿಗೆ ಸೆರಗು ಹಿಡಿದಳು. ಆದರೆ ಎದ್ದಳು. ಅವತ್ತೇ ಕೊಂಡಿ ಒತ್ತಿ ಹಿಡಿದು ಅಭ್ಯಾಸ ಮಾಡಿಸಿದೆ. ಮರುದಿನ ಬಾಯಾರು, "ಹೆಸರ್ರೀ?" ಎಂದ ಕೂಡಲೇ ಈಕೆ ಕಣ್ಣು ಮುಚ್ಚಿಕೊಂಡು, ಹೊಸ ಮದುವಣಗಿತ್ತಿಯ ದನಿಯಲ್ಲಿ ಹೇಳಿದಳು:

"ಗಾಣದ ಮನಿಯಾಗ ಕುದಿತೈತಿ ಬೆಲ್ಲ, ನಮ್ಮ ರಾಯರ ಹೆಸರ ಹೇಳ್ತೀನಿ, ಕೇಳ್ರಿ ತಂತ್ಯಾಗಿನವರೆಲ್ಲ!"

ಅದರ ನಡುವೆ ಹೆಸರೂ ಇತ್ತು, ಅಡ್ಡಹೆಸರೂ ಇತ್ತು. ಅದನ್ನು ನಾನು ಇಲ್ಲಿ ಹೇಳಿಲ್ಲ, ಹೇಳುವುದೂ ಇಲ್ಲ.

ಆ ಕಡೆ ಬಾಯಾರು ನಕ್ಕರು. ಗೇಲಿಯ ನಗು ಅಲ್ಲ. "ಚಲೋ ಐತ್ರಿ ನಿಮ್ಮ ಒಡಪ. ನಾನೂ ಗಂಡನ ಮನಿ ಮಾಡಾಕಿ ಅದೀನ್ರಿ. ಇನ್ನೊಮ್ಮೆ ಸಾವಕಾಶ ಅನ್ರಿ, ಬರಕೋತೀನಿ" ಎಂದರು.

ಗಂಡ ಕೆಲಸಕ್ಕೆ ಹೋಗಿದ್ದ. ನಾಡಿದ್ದು ಇದೇ ಹೊತ್ತಿಗೆ ಅವನು ಅಂಗಡಿಯಲ್ಲಿ ಕಾಯಬೇಕೆಂದು ಅಂಗಡಿಯವನ ಹತ್ತಿರ ಹೇಳಿಟ್ಟಿದ್ದೇನೆ ಎಂದು ಬಾಯಾರೇ ತಿರುಗಿ ಗಂಟೆ ಬಾರಿಸಿ ಹೇಳಿದರು.

ಆ ನಾಡಿದ್ದು ಆಕೆ ಮಧ್ಯಾಹ್ನಕ್ಕೆ ಮೊದಲೇ ಬಂದು ಹಿತ್ತಲಲ್ಲಿ ನಿಂತಿದ್ದಳು. ಮುಖ ಸುಟ್ಟ ಹಾಗಿತ್ತು. ಭಾವ ಮುಹೂರ್ತ ಹತ್ತಿರ ತಂದಿದ್ದ. ಬರುವ ಸೋಮವಾರ, ಎರಡೂ ಮದುವೆ ಒಂದೇ ಹಂದರದಲ್ಲಿ. ಮಾಸ್ತರರು ಹೋದ ಮೇಲೆ ಒಳಗೆ ಕರೆದೆ. ಮೂರು ನಿಮಿಷ ಅಂದರೆ ಏನೂ ಅಲ್ಲ. ಅಳುವುದರಲ್ಲೇ ಮುಗಿಸಿ ಹೋದವರನ್ನು ನಾನು ಬೇಕಾದಷ್ಟು ನೋಡಿದ್ದೆ. "ಮೊದಲ ಸುದ್ದಿ ಹೇಳ, ಆಮ್ಯಾಲ ಅಳ" ಎಂದೆ. ಹೇಳುವುದನ್ನು ಇಬ್ಬರೂ ಸೇರಿ ಸಣ್ಣದು ಮಾಡಿದೆವು. ಮಗಳನ್ನು ಸಾಟೆಗೆ ಕೊಡಾಕತ್ತಾರ, ಸೋಮವಾರ ಮದವಿ, ನೀವು ಬಂದು ಬ್ಯಾಡ ಅನ್ರಿ. ಅದನ್ನು ಆಕೆ ಎಡವದೆ ಹೇಳುವ ತನಕ ಹೇಳಿಸಿದೆ.

ಗಂಟೆ ಬಡಿಯಿತು. ಆಕೆ ಎತ್ತಿದಳು. ಸರಿಯಾಗಿ ಹಿಡಿದಳು. ಟ್ರಂಕ್ ಲೈನಿನಲ್ಲಿ ದನಿ ದೊಡ್ಡದಾಗಿ ಬರುತ್ತದೆ, ನನಗೆ ಎಲ್ಲ ಕೇಳಿಸುತ್ತಿತ್ತು.

"ಹಲೋ, ಯಾರು?"

"ನಾನ್ರಿ" ಎಂದಳು. ಆಮೇಲೆ ಕಲಿತ ಮಾತು ಒಂದೇ ಉಸಿರಿಗೆ ಹೇಳಿದಳು. ಒಂದು ಅಕ್ಷರ ತಪ್ಪಲಿಲ್ಲ.

ಆ ಕಡೆ ಅಂಗಡಿಯ ಗದ್ದಲ, ತಕ್ಕಡಿಯ ಸದ್ದು. ಆಮೇಲೆ ಗಂಡ, "ಗೊತ್ತೈತಿ" ಎಂದ.

"ಏನ ಗೊತ್ತೈತಿ?"

"ಅಣ್ಣಾ ಹೋದ ತಿಂಗಳ ಇಲ್ಲಿ ಬಂದಿದ್ದ. ನಾನ ಹೂಂ ಅಂದೀನಿ."

ಅವನೇ ಮುಂದುವರಿಸಿದ. "ಅಣ್ಣನ ಮಾತ ಹ್ಯಾಂಗ ಮೀರೂದು? ಅವರದು ನೀರಾವರಿ ಹೊಲಾ ಐತಿ. ಉಂಡು ಉಟ್ಟು ಇರತಾಳ. ನಾ ಮದವಿಗೆ ಬರತೀನಿ. ಕೇಳಸತೈತಿಲ್ಲ? ಎಲ್ಲಾರೂ ಆರಾಮ ಅದೀರಿಲ್ಲ?"

ಆಗ ಆಕೆ ಗಂಡನನ್ನು ಹೆಸರು ಹಿಡಿದು ಕರೆದಳು. ಒಡಪು ಇಲ್ಲ, ರಾಯರು ಇಲ್ಲ. ಹೊಳೆಯ ಆಚೆ ದಂಡೆಯ ಹತ್ತಿರ ಮುಳುಗುತ್ತಿರುವವನನ್ನು ಕರೆದ ಹಾಗೆ ಒಮ್ಮೆ ಕರೆದಳು, ಅಷ್ಟೇ. ನನ್ನ ಗಂಡನ ಹೆಸರೂ ಅದೇ ಆಗಿತ್ತು, ನೋಡಿ. ಆ ಹೊತ್ತಿಗೆ ನನಗೆ ಯಾರ ಆಯುಷ್ಯದ ಚಿಂತೆಯೂ ಬರಲಿಲ್ಲ.

ನಡುವೆ ಬಾಯಾರ ದನಿ ಬಂತು. "ಮೂರು ನಿಮಿಷ ಆತ್ರಿ. ಇನ್ನೂ ಬೇಕೇನ್ರಿ?" ಅವರೂ ಕೇಳಿಸಿಕೊಂಡಿದ್ದರೋ ಏನೋ, ದನಿ ಬಹಳ ಮೆತ್ತಗಿತ್ತು.

"ಬ್ಯಾಡ್ರಿ" ಎಂದಳು. ರಿಸೀವರನ್ನು ಕೊಂಡಿಯ ಮೇಲೆ ನೆಟ್ಟಗೆ ಇಟ್ಟಳು. ಸೆರಗಿನಿಂದ ಅದರ ಮೇಲಿನ ಬೆವರು ಒರೆಸಿದಳು. ಗ್ಯಾಂಗಿಗೆ ಹೊತ್ತಾಯಿತು ಎಂದು ಹೊರಟಳು.

ಸೋಮವಾರ ಮದುವೆ ಆಯಿತು. ನಾನೂ ಹೋಗಿ ಉಂಡು ಬಂದೆ. ಹೋಗದಿದ್ದರೆ ಏಕೆ ಎಂದು ಕೇಳುತ್ತಿದ್ದರು. ಗಂಡ ಮುಂಬೈಯಿಂದ ಬಂದಿದ್ದ, ಹೊಸ ಅಂಗಿ ಹಾಕಿಕೊಂಡು ನೀರು ಬಡಿಸುತ್ತ ಓಡಾಡುತ್ತಿದ್ದ. ಒಳ್ಳೆಯ ಮನುಷ್ಯನ ಮುಖವೇ. ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕುವಾಗ ಜಾರಿದ ಅವಳ ಬಾಸಿಂಗ ಸರಿ ಮಾಡಿದ. ಸರಿ ಮಾಡಿ ಏನು ಮಾಡುವುದು?

ವಾಚನಾಲಯದಲ್ಲಿ ಕೆಲಸ ನಡೆದೇ ಇತ್ತು. ಒಡಪಿನ ಸುದ್ದಿ ಹೆಂಗಸರಲ್ಲಿ ಹೇಗೋ ಹರಡಿ, ಗಂಡನ ಕಡೆ ಮಾತಾಡುವವರೆಲ್ಲ ಒಡಪು ಕಟ್ಟಿಕೊಂಡೇ ಬರತೊಡಗಿದರು. ಎಕ್ಸ್‌ಚೇಂಜಿನ ಬಾಯಾರು, "ಇವತ್ತಿಂದು ಬರ್ಲಿ" ಎನ್ನುವರು. ಮೇಲಿನಿಂದ ಒಬ್ಬ ಸಾಹೇಬರು ಬಂದು ಈ ಊರಿನ ಹೆಂಗಸರು ಚೆನ್ನಾಗಿ ಫೋನು ಕಲಿತಿದ್ದಾರೆ, ಹೇಗೆ ಕಲಿಸಿದಿರಿ ಎಂದು ಮಾಸ್ತರರನ್ನು ಕೇಳಿದರು. ಮಾಸ್ತರರು ಬೋರ್ಡು ತೋರಿಸಿದರು. ನಾನು ಚಹಾ ಕೊಟ್ಟೆ.

ಆಕೆ ಮತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಮಗಳು ಮೊದಲ ಸಲ ತವರಿಗೆ ಬಂದಾಗ ಒಂದು ಮಧ್ಯಾಹ್ನ ಅವಳನ್ನು ಕರೆದುಕೊಂಡು ಬಂದಳು. ಈಗ ಹೊಸ್ತಿಲು ದಾಟಲು ಯಾರ ತಡೆಯೂ ಇರಲಿಲ್ಲ. ಕೊಟ್ಟಾದ ಮೇಲೆ ಯಾರು ತಡೆಯುತ್ತಾರೆ? ಹುಡುಗಿಯ ಮೊಣಕೈ ತನಕ ಹಸಿರು ಬಳೆ. ಬಂದವಳೇ ಪೇಪರು ಎತ್ತಿಕೊಂಡು ಸಣ್ಣ ಅಕ್ಷರವನ್ನೂ ಸರಸರ ಓದತೊಡಗಿದಳು. ತಾಯಿ ಪೇಪರು ತೆಗೆದು ಕೆಳಗಿಟ್ಟಳು.

"ಇಕಿಗೆ ಫೋನ ಕಲಸ ಅಕ್ಕಾ."

ಹುಡುಗಿಗೆ ಎರಡು ಸಲ ಹೇಳುವ ಕೆಲಸವಿರಲಿಲ್ಲ. ನಾನು ಕೊಂಡಿ ಒತ್ತಿ ಹಿಡಿದು ಆ ಕಡೆ ತಿರುಗಿದೆ.

"ಎಕ್ಸ್‌ಚೇಂಜ್. ಯಾರನ್ನ ಕರೀಬೇಕ್ರಿ?"

"ನಮ್ಮ ಅವ್ವನ್ನ."

"ಅವ್ವ ಅಂದ್ರ ಊರ ತುಂಬ ಅದಾರ. ಹೆಸರ ಹೇಳ್ರಿ."

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಹೇಳು ಎಂದಳು. ಹುಡುಗಿ ಸಣ್ಣ ದನಿಯಲ್ಲಿ ತಾಯಿಯ ಹೆಸರು ಹೇಳಿದಳು. ಆಕೆಯ ಹೆಸರು ನನಗೂ ಅವತ್ತೇ ಗೊತ್ತಾದದ್ದು. ಓಣಿಯಲ್ಲಿ ಎಲ್ಲರೂ ಇಂಥವನ ಹೆಂಡತಿ, ಇಂಥವಳ ಅವ್ವ ಎಂದೇ ಕರೆಯುತ್ತಿದ್ದರು.

"ಗಟ್ಟಿ ಹೇಳ" ಎಂದಳು ತಾಯಿ. "ಇಷ್ಟ ಸಣ್ಣ ದನಿ ಹೊಳಿ ದಾಟೂದುಲ್ಲ."

ನಾನು ಸುಳ್ಳು ಹೇಳಿ ರೂಢಿ ಇಲ್ಲದವಳು. ಲೈನ್‌ಮನ್‌ನನ್ನು ಕೇಳಿ ತಿಳಿದುಕೊಂಡಿದ್ದೆ. ಆಕೆಯನ್ನು ಕಪಾಟಿನ ಮರೆಗೆ ಕರೆದು ಹೇಳಿದೆ. "ತಂಗಿ, ನಿನ್ನ ಮಗಳ ಊರಾಗ ಫೋನ ಇಲ್ಲ. ಇನ್ನ ಕಂಬಾನೂ ಹುಗದಿಲ್ಲ."

"ಗೊತ್ತೈತಿ. ಬೀಗರ ಮನಿಗೆ ಹೋದಾಗ ದಾರಿ ತುಂಬ ನೋಡಕೋತ ಹೋಗೀನಿ" ಎಂದಳು. "ಎಂದಾರ ಒಂದಿನ ಹುಗದಾರು. ನೀ ಕಲಸ."

ನಾನು ಹೋಗಿ ಮತ್ತೆ ಕೊಂಡಿ ಒತ್ತಿ ಹಿಡಿದು ಯಾರು ಬೇಕೆಂದು ಕೇಳಿದೆ. ಹುಡುಗಿ ಈ ಸಲ ಗಟ್ಟಿಯಾಗಿ ಹೇಳಿದಳು.